ಹಳೆಯ ಕಾರಿಗೆ ಮೂರು ಹೊಸ ಮೀಟರ್: ಡ್ಯಾಶ್‌ಬೋರ್ಡ್ ಕೊರೆಯದೆ ಜೋಡಿಸುವುದು ಹೇಗೆ?

ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರಿನಲ್ಲಿ ಎಂಜಿನ್ ಆಯಿಲ್‌ನ ಯೋಗಕ್ಷೇಮ ಹೇಳಲು ಇರುವುದು ಒಂದು ಪುಟ್ಟ ಕೆಂಪು ದೀಪ. ಆಯಿಲ್ ಒತ್ತಡ ಸುಮಾರು 5 ಪಿಎಸ್‌ಐಗಿಂತ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಕೆಳಗಿಳಿದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ. ಆರೋಗ್ಯವಾಗಿರುವ ಎಂಜಿನ್ ಬಿಸಿಯಾಗಿ ರಸ್ತೆಯಲ್ಲಿ ಓಡುವಾಗ 40–50 ಪಿಎಸ್‌ಐ ಇರಬೇಕು. ಅಂದರೆ ಒತ್ತಡ 45ರಿಂದ 10ಕ್ಕೆ ಕುಸಿದರೂ ದೀಪ ಸುಮ್ಮನೇ ಇರುತ್ತದೆ, ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗ್ ಹಾಳಾಗಿರುತ್ತದೆ. ಈಗ ಪದ್ಮಿನಿಯ 1089 ಸಿಸಿ ಎಂಜಿನ್ನಿಗೆ ಒಳ್ಳೆಯ ಬಿಡಿಭಾಗ ಹುಡುಕುವುದೇ ಕಷ್ಟ. ಹಾಗಾಗಿ ಹಳೆಯ ಕಾರನ್ನು ನಿಜವಾಗಿ ಓಡಿಸುವವರು ಬಣ್ಣ, ಕ್ರೋಮ್‌ಗಳಿಗಿಂತ ಮೊದಲು ಖರ್ಚು ಮಾಡಬೇಕಾದದ್ದು ಮೀಟರುಗಳಿಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇಕಾದದ್ದು ಮೂರೇ: ಆಯಿಲ್ ಪ್ರೆಷರ್, ನೀರಿನ ಟೆಂಪರೇಚರ್ ಮತ್ತು ವೋಲ್ಟ್ ಮೀಟರ್. ಹಳೆಯ ಮೆಕ್ಯಾನಿಕ್‌ಗಳು ವೋಲ್ಟ್ ಮೀಟರಿನ ಬದಲು ಆಂಪಿಯರ್ ಮೀಟರ್ ಹಾಕಿಸಿ ಎನ್ನುತ್ತಾರೆ. ಬೇಡ. ಆಂಪಿಯರ್ ಮೀಟರಿಗೆ ಕಾರಿನ ಕರೆಂಟೆಲ್ಲ ದಪ್ಪ ವೈರಿನಲ್ಲಿ ಡ್ಯಾಶ್‌ಬೋರ್ಡಿನ ಹಿಂಭಾಗಕ್ಕೆ ಬಂದು ಹೋಗಬೇಕು. ಆ ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಬೆಂಕಿಯೇ. ವೋಲ್ಟ್ ಮೀಟರಿಗೆ ಸಾಕಾಗುವುದು ಫ್ಯೂಸ್ ಇರುವ ಒಂದು ಸಣ್ಣ ವೈರ್.

ಕೊಳ್ಳುವ ಮುನ್ನ

ಈ ಮೀಟರುಗಳ ಸಾಮಾನ್ಯ ಅಳತೆ 52 ಮಿಲಿಮೀಟರ್. ಮೂರನ್ನೂ ಒಂದೇ ಕಂಪನಿಯದು ಕೊಂಡರೆ ಮುಖ ಹೊಂದುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಮೀಟರ್ ಮತ್ತು ಅದರ ಸೆಂಡರ್ ಜೋಡಿಯಾಗಿಯೇ ಬರಬೇಕು. ಸೆಂಡರ್ ಎಂದರೆ ಎಂಜಿನ್ನಿಗೆ ಕೂರಿಸುವ ತುಂಡು. ಒತ್ತಡವೋ ಬಿಸಿಯೋ ಬದಲಾದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಮೀಟರಿನ ಮುಳ್ಳು ಅದನ್ನು ಓದುತ್ತದೆ. ರೋಧದ ಅಳತೆ ಓಮ್. ಯುರೋಪಿನ ಬಹುತೇಕ ಆಯಿಲ್ ಸೆಂಡರುಗಳು 10ರಿಂದ 180 ಓಮ್‌ನವು. ಅಮೆರಿಕದವು 240ರಿಂದ 33 ಓಮ್, ಅದೂ ತಿರುಗುಮುರುಗಾಗಿ. ಇದರ ಸೆಂಡರ್ ಅದರ ಮೀಟರಿಗೆ ಹಾಕಿದರೆ ಮುಳ್ಳು ಓಡಾಡುತ್ತದೆ, ಆದರೆ ತೋರಿಸುವುದೆಲ್ಲ ಸುಳ್ಳು. ಮೀಟರೇ ಇಲ್ಲದಿರುವುದಕ್ಕಿಂತ ಇದು ಅಪಾಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಳ್ಳುವವರು ಮಲ್ಟಿಮೀಟರ್ ಜೊತೆಗಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಓಮ್ ನೋಡಿ.

ಎಲ್ಲಿ ಕೂರಿಸುವುದು

ಡ್ಯಾಶ್‌ಬೋರ್ಡಿಗೆ ರಂಧ್ರ ಕೊರೆಯಬೇಡಿ. ತಗಡಿನ ಡ್ಯಾಶ್‌ಬೋರ್ಡಿನಲ್ಲಿ 52 ಮಿಲಿಮೀಟರಿನ ಮೂರು ತೂತು ಬಿದ್ದರೆ ಕಾರು ಮತ್ತೆ ಮೊದಲಿನಂತಾಗುವುದಿಲ್ಲ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಕಾರು ಮೂಲರೂಪದಲ್ಲಿ ಉಳಿದಿರಬೇಕು ಎಂಬುದೇ ಅದರ ತಿರುಳು. ಮೂರು ಮೀಟರ್ ಹಿಡಿಯುವ ತಗಡಿನ ಬ್ರಾಕೆಟ್ ಸಿದ್ಧವಾಗಿಯೇ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಕೆಳ ಅಂಚಿನಲ್ಲಿ ಈಗಾಗಲೇ ಇರುವ ಸ್ಕ್ರೂಗಳಿಗೇ ಅದನ್ನು ಸೇರಿಸಿ. ಬಹುತೇಕ ಪದ್ಮಿನಿಗಳಲ್ಲೂ ಹಳೆಯ ಅಂಬಾಸಿಡರಿನಲ್ಲೂ ಗೇರ್ ಹಿಡಿ ಸ್ಟೀರಿಂಗ್ ಕಂಬದಲ್ಲೇ ಇರುತ್ತದೆ. ಬಿಗಿ ಮಾಡುವ ಮೊದಲು ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ತೆಗೆದು, ಕೈಯಾಗಲಿ ಮೊಣಕಾಲಾಗಲಿ ಬ್ರಾಕೆಟ್‌ಗೆ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಆಯಿಲ್ ಮೀಟರ್: ಇಲ್ಲಿ ಆತುರ ಬೇಡ

ಮೊದಲು ಬ್ಯಾಟರಿಯ ಆರ್ಥ್ ವೈರ್, ಅಂದರೆ ಕಾರಿನ ಬಾಡಿಗೆ ಸೇರುವ ವೈರ್, ಬಿಚ್ಚಿಡಿ. ಎಂಜಿನ್ ತಣ್ಣಗಿರಲಿ.

ಆಯಿಲ್ ಮೀಟರಿನಲ್ಲಿ ಎರಡು ಬಗೆ. ಮೆಕ್ಯಾನಿಕಲ್ ಮೀಟರಿಗೆ ಸಣ್ಣ ನಳಿಕೆಯಲ್ಲಿ ಆಯಿಲ್ಲೇ ಕಾರಿನೊಳಕ್ಕೆ ಬರುತ್ತದೆ. ಅದು ನಿಖರ, ಕರೆಂಟ್ ಬೇಡ. ಆದರೆ ನಳಿಕೆ ಒಡೆದರೆ ಕುದಿಯುವ ಆಯಿಲ್ ಕಾಲ ಮೇಲೆ ಚಿಮ್ಮುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಎಲೆಕ್ಟ್ರಿಕ್ ಮೀಟರೇ ಸರಿ.

ಕೆಂಪು ದೀಪದ ಸ್ವಿಚ್ ಎಂಜಿನ್ ಬ್ಲಾಕಿನಲ್ಲಿ ಎಲ್ಲಿದೆಯೋ ಅಲ್ಲಿಗೇ ಹೊಸ ಸೆಂಡರ್ ಹೋಗಬೇಕು. ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಹಿತ್ತಾಳೆಯ ಟಿ-ಜಾಯಿಂಟ್ ಹಾಕಿ, ಒಂದು ಬಾಯಿಗೆ ಹಳೆಯ ಸ್ವಿಚ್, ಇನ್ನೊಂದಕ್ಕೆ ಸೆಂಡರ್. ಕೆಂಪು ದೀಪವನ್ನು ಎಂದೂ ತೆಗೆಯಬೇಡಿ. ನಿಮ್ಮ ಕಣ್ಣು ಮೀಟರಿನ ಮೇಲಿಲ್ಲದಾಗ ಎಚ್ಚರಿಸಲು ಅದು ಬೇಕು.

ಕೈಕೊಡುವುದು ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ. ಫಿಯೆಟ್ ಮೂಲದ ಪದ್ಮಿನಿಯದು ಮೆಟ್ರಿಕ್ ಅಳತೆ, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರಿನದು ಇಂಚಿನ ಲೆಕ್ಕ. ಕೊಂಡ ಸೆಂಡರಿನ ಥ್ರೆಡ್ ಅಮೆರಿಕದ ಪೈಪ್ ಅಳತೆಯಾದ ಎನ್‌ಪಿಟಿಯೂ ಆಗಿರಬಹುದು, ಬ್ರಿಟನ್ನಿನ ಪೈಪ್ ಅಳತೆಯಾದ ಬಿಎಸ್‌ಪಿಯೂ ಆಗಿರಬಹುದು. ಎಂಟನೇ ಒಂದು ಇಂಚಿನ ಎನ್‌ಪಿಟಿಗೆ ಇಂಚಿಗೆ 27 ಥ್ರೆಡ್, ಅದೇ ಅಳತೆಯ ಬಿಎಸ್‌ಪಿಗೆ 28. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ. ಒಂದಕ್ಕೆ ಇನ್ನೊಂದನ್ನು ತಿರುಗಿಸಿದರೆ ಮೊದಲ ಎರಡು ಸುತ್ತು ಬೆಣ್ಣೆಯಂತೆ ಒಳಗಿಳಿಯುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಸರಿಯಾಗಿ ಕೂತಿತು ಎಂದುಕೊಂಡು ಸ್ಪ್ಯಾನರ್ ಹಾಕಿದರೆ ಬ್ಲಾಕಿನ ಥ್ರೆಡ್ ಹೋಯಿತು. ಆದ್ದರಿಂದ ಕೈಯಲ್ಲೇ ಕನಿಷ್ಠ ನಾಲ್ಕು ಸುತ್ತು ಸಲೀಸಾಗಿ ಹೋಗದ ಯಾವುದಕ್ಕೂ ಸ್ಪ್ಯಾನರ್ ಮುಟ್ಟಿಸಬೇಡಿ. ಹಳೆಯ ಸ್ವಿಚ್ ಮತ್ತು ಹೊಸ ಸೆಂಡರ್ ಎರಡನ್ನೂ ಲೇತ್ ಅಂಗಡಿಗೆ ಒಯ್ದರೆ ಥ್ರೆಡ್ ಗೇಜ್ ಇಟ್ಟು ನೋಡಿ, ಸರಿಹೊಂದುವ ಅಡಾಪ್ಟರ್ ಮಾಡಿಕೊಡುತ್ತಾರೆ.

ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸವಿದ್ದರೆ ಬಿಡಿ. ಒಂದೇ ವೈರಿನ ಸೆಂಡರಿಗೆ ಅದರ ಥ್ರೆಡ್ಡೇ ಆರ್ಥ್, ಟೇಪ್ ಸುತ್ತಿದರೆ ಆರ್ಥ್ ತಪ್ಪಬಹುದು. ಟೇಪಿನ ಚೂರು ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ತುದಿಯ ಎರಡು ಥ್ರೆಡ್ ಬಿಟ್ಟು ತೆಳುವಾಗಿ ಸೀಲಂಟ್ ಹಚ್ಚಿದರೆ ಸಾಕು. ಸೆಂಡರ್ ಭಾರವಾಗಿದ್ದರೆ ಎಂಜಿನ್ನಿನ ನಡುಕಕ್ಕೆ ಟಿ-ಜಾಯಿಂಟಿನ ಕತ್ತು ಮುರಿಯಬಹುದು. ಆಗ ಒತ್ತಡ ತಡೆಯುವ ಗಿಡ್ಡ ಆಯಿಲ್ ಹೋಸ್ ಬಳಸಿ ಸೆಂಡರನ್ನು ಪಕ್ಕದ ಬಾಡಿಗೆ ಕ್ಲಾಂಪ್ ಮಾಡಿ, ಬೇರೆ ಆರ್ಥ್ ವೈರ್ ಕೊಡಿ.

ಟೆಂಪರೇಚರ್

ಎಂಜಿನ್ ಕೊರೆಯದೆ ಮುಗಿಸುವ ದಾರಿ ರೇಡಿಯೇಟರಿನ ಮೇಲಿನ ಹೋಸ್. ಅದನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಸೇರಿಸಿ, ಅದಕ್ಕೆ ಸೆಂಡರ್ ಹಾಕುತ್ತಾರೆ. ಎರಡೂ ಕಡೆ ರಬ್ಬರ್ ಇರುವುದರಿಂದ ಈ ಅಡಾಪ್ಟರಿಗೂ ಆರ್ಥ್ ವೈರ್ ಬೇಕು. ಮುಳ್ಳು ಏಳುತ್ತಲೇ ಇಲ್ಲ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಜೋಡಿಸುವ ಮುನ್ನ ಪರೀಕ್ಷೆ ಮಾಡಿ. ಮೀಟರಿಗೆ 12 ವೋಲ್ಟ್ ಕೊಟ್ಟು, ಸೆಂಡರಿನ ಲೋಹದ ಮೈಗೆ ಆರ್ಥ್ ಕೊಟ್ಟು, ಅದರ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ. ಮಂಗಳೂರಿನಲ್ಲಿ ಮುಳ್ಳು 100 ಡಿಗ್ರಿಗೆ ಬರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ 97 ತೋರಿಸಿದರೆ ಮೀಟರ್ ಸರಿಯಾಗಿಯೇ ಇದೆ.

ವೈರಿಂಗ್

ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ ಒಂದು ವೈರ್ ತೆಗೆದು, ತೆಗೆದ ಜಾಗದಲ್ಲೇ 3 ಆಂಪಿಯರ್ ಫ್ಯೂಸ್ ಹಾಕಿ, ಮೂರೂ ಮೀಟರಿಗೆ ಹಂಚಿ. 1 ಚದರ ಮಿಲಿಮೀಟರಿನ ವೈರ್ ಧಾರಾಳವಾಯಿತು. ಮೀಟರಿನೊಳಗಿನ ಬಲ್ಬುಗಳಿಗೆ ಡ್ಯಾಶ್‌ಬೋರ್ಡಿನ ದೀಪದ ವೈರನ್ನೇ ಹಿಡಿಯಿರಿ. ಮೂರೂ ಆರ್ಥ್‌ಗಳನ್ನು ಒಟ್ಟು ಸೇರಿಸಿ, ಬಣ್ಣ ಕೆರೆದ ಒಂದೇ ಬೋಲ್ಟಿಗೆ ಬಿಗಿಯಿರಿ. ಬ್ರಿಟಿಷ್ ಮೂಲದ ಕೆಲವು ಕಾರುಗಳಲ್ಲಿ ಹಳೆಯ ಮೀಟರುಗಳಿಗೆ 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಇರುತ್ತದೆ, ಹೊಸ ಮೀಟರಿಗೆ ಅಲ್ಲಿಂದ ಕರೆಂಟ್ ತೆಗೆಯಬಾರದು. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದೂ ನೋಡಿ. ಪಾಸಿಟಿವ್ ಆರ್ಥ್ ಇರುವ ಕಾರುಗಳು ಇನ್ನೂ ಇವೆ, ಇಂದಿನ ಮೀಟರುಗಳು ನೆಗೆಟಿವ್ ಆರ್ಥ್‌ಗಾಗಿ ಮಾಡಿದವು.

ಎಂಜಿನ್ ಕಡೆಯಿಂದ ಒಳಬರುವ ವೈರ್ ರಬ್ಬರ್ ಗ್ರೊಮೆಟ್ (ತಗಡಿನ ತೂತಿನ ಅಂಚಿಗೆ ಹಾಕುವ ಬಳೆ) ಮೂಲಕವೇ ಬರಲಿ. ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರವಿರಲಿ.

ಸ್ಟಾರ್ಟ್ ಮಾಡಿದ ಮೇಲೆ

ಬ್ಯಾಟರಿ ಸೇರಿಸಿ ಕೀ ತಿರುಗಿಸಿದಾಗ ವೋಲ್ಟ್ ಮೀಟರ್ 12.5ರ ಹತ್ತಿರ ನಿಲ್ಲಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಡೈನಮೋ ಇರುವ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಇಳಿಯುವುದು ಸಹಜ, ರೇಸ್ ಕೊಟ್ಟರೆ ಏರಬೇಕು. ಆಯಿಲ್ ಒತ್ತಡ ಕೆಲವೇ ಸೆಕೆಂಡಿನಲ್ಲಿ ಏಳದಿದ್ದರೆ ಕೂಡಲೇ ಆಫ್ ಮಾಡಿ. ಎದ್ದರೆ ಟಿ-ಜಾಯಿಂಟಿನ ಸುತ್ತ ಬೆಳ್ಳಗಿನ ಬಟ್ಟೆಯಿಂದ ಒರೆಸಿ, ಆಯಿಲ್ ಜಿನುಗುತ್ತಿದೆಯೇ ನೋಡಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಗ್ಯಾರೇಜುಗಳ ಹಳೆಯ ಲೆಕ್ಕ. ಆದರೆ ನಿಮ್ಮ ಕಾರಿನ ವಾಡಿಕೆಯ ಅಂಕಿಯೇ ಮುಖ್ಯ. ತಣ್ಣಗಿದ್ದಾಗ, ಬಿಸಿಯಾದಾಗ, ಐಡ್ಲಿಂಗ್‌ನಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಷ್ಟೆಷ್ಟು ಎಂದು ಬರೆದಿಟ್ಟುಕೊಳ್ಳಿ.

ಘಾಟಿ ಹತ್ತುವವರಿಗೆ ಒಂದು ಮಾತು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಏರು ಹತ್ತುವಾಗ ಟೆಂಪರೇಚರ್ ನಿಧಾನಕ್ಕೆ ಏರುವುದು ಸ್ವಾಭಾವಿಕ. ಏರಿದ ಮುಳ್ಳು ಏರಿನ ನಡುವೆಯೇ ತಟ್ಟನೆ ಕೆಳಗೆ ಬಿದ್ದರೆ ನೆಮ್ಮದಿಪಡಬೇಡಿ. ಹೋಸ್ ಒಡೆದು ನೀರು ಖಾಲಿಯಾದಾಗ ಸೆಂಡರ್ ಬರೀ ಗಾಳಿಯನ್ನು ಅಳೆಯುತ್ತಿರುತ್ತದೆ. ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.