ಆವಿ ಮರಳಿ ಬರುವ ದಾರಿ: ರಿಫ್ಲಕ್ಸ್ ಕಲಿತ ನನ್ನ ಅನುಭವ

‘ಎರಡು ಗಂಟೆ ರಿಫ್ಲಕ್ಸ್ ಮಾಡಿ’ ಎಂಬ ಸಾಲು ಸಾವಯವ ರಸಾಯನಶಾಸ್ತ್ರದ ಪ್ರಯೋಗಗಳಲ್ಲಿ ಪದೇ ಪದೇ ಬರುತ್ತದೆ. ‘ಜೋರಾಗಿ ಕುದಿಸಿ’ ಎಂದೇ ಅದರ ಅರ್ಥವೆಂದುಕೊಂಡು ನಾನು ಮೊದಲ ಸಲ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರನ್ನು (ಆಮ್ಲ, ಆಲ್ಕೋಹಾಲ್ ಸೇರಿ ಆಗುವ ಸಂಯುಕ್ತ) ತಯಾರಿಸಲು ಕೂತೆ. ಐಸೊಅಮೈಲ್ ಆಲ್ಕೋಹಾಲ್, ಅಸಿಟಿಕ್ ಆಮ್ಲ, ಸ್ವಲ್ಪ ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಬೇಗ ಮುಗಿಯಲೆಂದು ಕಾವು ಏರಿಸಿದೆ. ಅರ್ಧ ಗಂಟೆಯಲ್ಲಿ ಕೋಣೆಯೆಲ್ಲ ಬಾಳೆಹಣ್ಣಿನ ಘಮ! ನಾನು ತಯಾರಿಸಿದ್ದೆಲ್ಲ ಆವಿಯನ್ನು ತಣಿಸುವ ಗಾಜಿನ ಕೊಳವೆಯಾದ ಕಂಡೆನ್ಸರಿನ ಬಾಯಿಂದ ಗಾಳಿಗೆ ಹೋಗುತ್ತಿತ್ತು.

ಲ್ಯಾಟಿನ್ ಮೂಲದಲ್ಲಿ ‘ರಿಫ್ಲಕ್ಸ್’ ಪದಕ್ಕೆ ಹಿಂದಕ್ಕೆ ಹರಿಯುವುದು ಎಂದರ್ಥ. ಫ್ಲಾಸ್ಕಿನಿಂದ ಎದ್ದ ಆವಿ ತಣ್ಣನೆಯ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಕೆಳಗಿಳಿಯಬೇಕು. ಆಗ ಗಂಟೆಗಟ್ಟಲೆ ಕಾಯಿಸಿದರೂ ದ್ರಾವಕ ಬತ್ತುವುದಿಲ್ಲ. ಉಷ್ಣತೆಯೂ ಹೆಚ್ಚುಕಡಿಮೆ ದ್ರಾವಕದ ಕುದಿಬಿಂದುವಿನಲ್ಲೇ ನಿಲ್ಲುತ್ತದೆ: ಎಥನಾಲ್ ಆದರೆ ಸುಮಾರು 78 ಡಿಗ್ರಿ ಸೆಲ್ಸಿಯಸ್, ಟಾಲ್ವೀನ್ ಆದರೆ 111. ಕಾವು ಹೆಚ್ಚಿಸಿದರೆ ಆವಿ ಹೆಚ್ಚುತ್ತದೆಯೇ ಹೊರತು ಕ್ರಿಯೆ ಚುರುಕಾಗುವುದಿಲ್ಲ. ಇನ್ನೂ ಬಿಸಿ ಬೇಕೆಂದರೆ ದ್ರಾವಕವನ್ನೇ ಬದಲಿಸಬೇಕು. ಇದು ಹೊಳೆದ ಮೇಲೆ ಪ್ರಯೋಗದ ವಿವರಗಳನ್ನು ನಾನು ಓದುವ ರೀತಿಯೇ ಬದಲಾಯಿತು.

ಈಗ ನನ್ನ ಕಣ್ಣು ಕಂಡೆನ್ಸರಿನೊಳಗಿನ ಒದ್ದೆ ಉಂಗುರದ ಮೇಲಿರುತ್ತದೆ. ಅದು ಕೆಳಗಿನ ಮೂರನೇ ಒಂದು ಭಾಗ ದಾಟಿ ಮೇಲೇರಿದರೆ ಕಾವು ತಗ್ಗಿಸುತ್ತೇನೆ. ತಣಿಸುವ ನೀರನ್ನು ಕೆಳಗಿನ ಕೊಳವೆಯಿಂದ ಬಿಡುತ್ತೇನೆ. ಆಗಲೇ ಹೊರಕವಚ ಪೂರ್ತಿ ತುಂಬುವುದು. ಫ್ಲಾಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಕುದಿತ ಸಮವಾಗಿರಲೆಂದು ಬಳಸುವ ಕುದಿಹರಳುಗಳನ್ನು ದ್ರವ ತಣ್ಣಗಿರುವಾಗಲೇ ಹಾಕಬೇಕು. ಮರೆತು ಬಿಸಿ ದ್ರವಕ್ಕೆ ಹಾಕಿದರೆ ಅದು ಒಮ್ಮೆಲೇ ಉಕ್ಕಿ ಚಿಮ್ಮುತ್ತದೆ. ಕಂಡೆನ್ಸರಿನ ಮೇಲ್ತುದಿಯನ್ನು ಎಂದೂ ಬಿರಡೆಯಿಂದ ಮುಚ್ಚಬಾರದು, ಒತ್ತಡಕ್ಕೆ ಗಾಜು ಸಿಡಿದೀತು. ತೇವ ತಾಗಬಾರದ ಗ್ರಿನ್ಯಾರ್ಡ್ ಕ್ರಿಯೆಯಂಥದ್ದಕ್ಕೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆ ಜೋಡಿಸಿದರೆ ಸಾಕು.

ಬಟ್ಟಿ ಇಳಿಸುವ ಸ್ತಂಭಗಳಲ್ಲಿಯೂ ಇದೇ ಪದವಿದೆ. ಅಲ್ಲಿ ತಣಿದ ದ್ರವದ ಒಂದು ಪಾಲನ್ನು ಸ್ತಂಭಕ್ಕೆ ಮರಳಿಸಿ ಬೇರ್ಪಡಿಕೆಯನ್ನು ಚೊಕ್ಕಗೊಳಿಸುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ರಿಫ್ಲಕ್ಸ್ ನಡೆಯುವಾಗಲೇ ನೀರನ್ನು ಬೇರ್ಪಡಿಸುವ ಡೀನ್–ಸ್ಟಾರ್ಕ್ ಉಪಕರಣ. ಎಸ್ಟರ್ ಆಗುವಾಗ ಹುಟ್ಟುವ ನೀರು ಅಲ್ಲೇ ಉಳಿದರೆ ಕ್ರಿಯೆ ಸಮತೋಲನದಲ್ಲಿ ನಿಂತುಬಿಡುತ್ತದೆ. ಇಲ್ಲಿ ದ್ರಾವಕವಾದ ಟಾಲ್ವೀನಿನ ಆವಿ ಆ ನೀರನ್ನು ಹೊತ್ತು ಮೇಲೇರುತ್ತದೆ. ತಣಿದ ಬಳಿಕ ಭಾರವಾದ ನೀರು ಪಕ್ಕದ ಅಳತೆಗೊಳವೆಯ ತಳಕ್ಕೆ ಇಳಿಯುತ್ತದೆ, ಟಾಲ್ವೀನ್ ಮೇಲೆ ತುಂಬಿ ತುಳುಕಿ ಫ್ಲಾಸ್ಕಿಗೆ ಮರಳುತ್ತದೆ. ಲೆಕ್ಕ ಹಾಕಿದಷ್ಟು ಮಿಲಿಲೀಟರ್ ನೀರು ಸೇರಿ, ಮಟ್ಟ ಮತ್ತೆ ಏರದಿದ್ದಾಗ ನಾನು ಕಾವು ಆರಿಸುತ್ತೇನೆ.