ಒಳಗೆ ಸರಿ, ಅಂಗಳದಲ್ಲಿ ಎರರ್

ಕೊಡವರ ಮದುವೆಗೆ ಹೋದವರಿಗೆ ಬಾಳೆ ಕಡಿಯುವ ಹೊತ್ತು ಗೊತ್ತಿರುತ್ತದೆ. ಅಂಗಳದಲ್ಲಿ ನೆಟ್ಟ ಬಾಳೆ ದಿಂಡನ್ನು ಒಡಿಕತ್ತಿಯಲ್ಲಿ ಒಂದೇ ಏಟಿಗೆ ಕಡಿದರೆ ಚಂದ. ಫೋಟೋ ತೆಗೆಯುವವನಿಗೂ ಸಿಗುವುದು ಆ ಒಂದೇ ಏಟು. ಹಿಂದೆ ನಿಂತ ನೆಂಟರೂ ಸ್ಪಷ್ಟವಾಗಿ ಬರಲಿ ಅಂತ ನನ್ನ 24-105 ಲೆನ್ಸಿನ ಜೂಮನ್ನು ಎಲ್ಲಕ್ಕಿಂತ ಅಗಲವಾಗಿ ಕಾಣುವ 24ಕ್ಕೆ ತಿರುಗಿಸಿ, ಬೆಳಕು ಬಿಡುವ ತೂತು ಕಿರಿದಾಗುವ ಹಾಗೆ ಎಫ್ 8 ಇಟ್ಟು ಕಾಯುತ್ತಿದ್ದೆ. ಕತ್ತಿ ಇಳಿಯಿತು, ಬಟನ್ ಒತ್ತಿದೆ. ಕ್ಯಾಮೆರಾ ಒಂದು ಸಲ ಟಕ್ ಅಂದು ನಿಂತೇಬಿಟ್ಟಿತು. ಲೆನ್ಸಿಗೂ ಕ್ಯಾಮೆರಾಗೂ ಸಂಪರ್ಕ ಸರಿಯಿಲ್ಲ, ಕಾಂಟ್ಯಾಕ್ಟ್ ಒರೆಸಿ ಅಂತ ಸ್ಕ್ರೀನ್ ಮೇಲೆ ಬಂತು. ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ಬಾಳೆ ನೆಲದ ಮೇಲಿತ್ತು.

ವಿಚಿತ್ರ ಏನೆಂದರೆ, ಆಮೇಲೆ ಮಂಟಪದ ಒಳಗೆ ಮೂರು ಗಂಟೆ ಅದೇ ಲೆನ್ಸ್ ಒಂದು ಸಲವೂ ಕೈಕೊಡಲಿಲ್ಲ. ಊಟ ಆದಮೇಲೆ ಗ್ರೂಪ್ ಫೋಟೋಗೆ ಹೊರಗೆ ಬಂದೆವು. ಮತ್ತೆ ಅದೇ ಎರರ್. ಫ್ಲಾಶ್ ಹಿಡಿಯುವ ಹುಡುಗ, "ಅಣ್ಣ, ಒಳಗೆ ಬೆಚ್ಚಗಿದೆ, ಹೊರಗೆ ಮಂಜು. ಲೆನ್ಸಿಗೆ ಥಂಡಿ ಹಿಡಿದಿದೆ" ಅಂದ. ನನಗೂ ಹಾಗೇ ಅನ್ನಿಸಿತು. ನಮ್ಮ ಕಡೆ ಇದೊಂದು ಅಭ್ಯಾಸ. ಸ್ಕೂಟರ್ ಸ್ಟಾರ್ಟ್ ಆಗದಿದ್ದರೂ ಥಂಡಿ, ಬಾಗಿಲು ಮುಚ್ಚದಿದ್ದರೂ ಥಂಡಿ, ಟಿವಿ ಕೆಟ್ಟರೂ ಮಳೆ. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವಾಗ ಲೆನ್ಸ್ ಯಾವ ಲೆಕ್ಕ ಅಲ್ವಾ?

ಮನೆಗೆ ಬಂದು ಪೆನ್ಸಿಲ್ ರಬ್ಬರಿನಿಂದ ಕಾಂಟ್ಯಾಕ್ಟ್, ಅಂದರೆ ಲೆನ್ಸಿನ ಹಿಂಬದಿಯ ಲೋಹದ ಚುಕ್ಕಿಗಳನ್ನು ಉಜ್ಜಿದೆ. ಎಲ್ಲರೂ ಹೇಳುವ ಉಪಾಯ ಇದೇ. ಈಗ ನಾನು ಮಾಡುವುದಿಲ್ಲ. ಆ ಚುಕ್ಕಿಗಳ ಮೇಲೆ ಇರುವುದು ತೆಳುವಾದ ಚಿನ್ನದ ಲೇಪ, ರಬ್ಬರ್ ಅದನ್ನೂ ಸವೆಸುತ್ತದೆ, ಪುಡಿಯನ್ನೂ ಉದುರಿಸುತ್ತದೆ. ನೂಲು ಬಿಡದ ಬಟ್ಟೆಗೆ ಒಂದೇ ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕು. ಅಮ್ಮ ಬೇರೆ, "ಒಲೆ ಮೇಲಿನ ಅಟ್ಟದಲ್ಲಿ ಇಡು, ಎರಡು ದಿನಕ್ಕೆ ಒಣಗುತ್ತದೆ" ಅಂದರು. ಕಾಳುಮೆಣಸಿಗೆ ಆ ಮಾತು ಸರಿ. ಲೆನ್ಸನ್ನು ಹೊಗೆಯಿಂದ ಕಾಪಾಡಿಕೊಂಡೆ.

ಕೊನೆಗೆ ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್‌ಗೆ ಕಳಿಸಿದೆ. ಜೊತೆಗೆ ಒಂದು ಚೀಟಿ: "ಕೆಲವೊಮ್ಮೆ ಎರರ್ ಬರುತ್ತದೆ. ಒಳಗೆ ತೇವ ಹೋಗಿರಬಹುದು." ಎರಡು ವಾರದ ಮೇಲೆ ಲೆನ್ಸ್ ವಾಪಸ್ ಬಂತು. ತೇವ ಇಲ್ಲ, ದೋಷ ಕಂಡುಬಂದಿಲ್ಲ, ಕ್ಲೀನ್ ಮಾಡಲಾಗಿದೆ ಅಂತ ಒಂದು ಸಾಲು. ಕೆಳಗೆ ತಪಾಸಣೆ ಶುಲ್ಕ. ಅದಾದ ಮುಂದಿನ ಭಾನುವಾರ ಸೋಮವಾರಪೇಟೆಯ ಮದುವೆಯಲ್ಲಿ, ಅಂಗಳಕ್ಕೆ ಕಾಲಿಟ್ಟದ್ದೇ ತಡ, ಎರರ್.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಬಿಲ್ಲನ್ನು ಮತ್ತೆ ಮತ್ತೆ ಓದಿದಾಗ ಅವರ ತಪ್ಪು ಅಷ್ಟೇನೂ ಇಲ್ಲ ಅನ್ನಿಸಿತು. ನಾನು ತೇವ ಅಂದೆ, ಅವರು ತೇವ ಹುಡುಕಿದರು. ನಾನು ಹೇಳಬೇಕಾಗಿದ್ದದ್ದು ಏನಾಗುತ್ತಿದೆ, ಯಾವಾಗ ಆಗುತ್ತಿದೆ ಅಂತ. ಅದು ನನಗೇ ಗೊತ್ತಿರಲಿಲ್ಲ.

ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಜಗಲಿಯಲ್ಲಿ ಟ್ರೈಪಾಡ್ ಹಾಕಿ ಕೂತೆ. ಎದುರಿನ ಗೋಡೆಗೆ ನ್ಯೂಸ್ ಪೇಪರ್ ಅಂಟಿಸಿದೆ. ಕೈಯಲ್ಲಿ ಮಗಳ ಹಳೆ ನೋಟ್‌ಬುಕ್.

ಮೊದಲು ತಪ್ಪು ಯಾರದ್ದು ಅಂತ ಬೇರೆ ಮಾಡಬೇಕು. ನನ್ನ ಕ್ಯಾಮೆರಾದ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಭಾಗದ ಮೇಲೆ ಹಳೆಯ, ಜೂಮ್ ಇಲ್ಲದ 50ರ ಲೆನ್ಸ್ ಹಾಕಿ ಎಫ್ 8ರಲ್ಲಿ ಮೂವತ್ತು ಫೋಟೋ ತೆಗೆದೆ, ಏನೂ ಆಗಲಿಲ್ಲ. ಪಕ್ಕದ ಬೀದಿಯ ಗೆಳೆಯನ ಬಾಡಿ ತಂದು ಅದಕ್ಕೆ ಈ 24-105 ಹಾಕಿದೆ, ಅಲ್ಲೂ ಎರರ್ ಬಂತು. ಅಲ್ಲಿಗೆ ಬಾಡಿ, ಬ್ಯಾಟರಿ, ಮೆಮೊರಿ ಕಾರ್ಡ್ ಮೂರೂ ಪಾರಾದವು. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ನಾನು ಲೆನ್ಸ್ ಬೆಂಗಳೂರಿಗೆ ಕಳಿಸಿದ್ದೆ. 250 ಕಿಲೋಮೀಟರಿಗೂ ಜಾಸ್ತಿ ದೂರ, ಹೋಗಲಿಕ್ಕೊಂದು ಕೊರಿಯರ್, ಬರಲಿಕ್ಕೊಂದು ಕೊರಿಯರ್!

ಆಮೇಲೆ ಒಳಗೂ ಹೊರಗೂ ನಿಜವಾಗಿ ವ್ಯತ್ಯಾಸ ಏನು ಅಂತ ಯೋಚಿಸಿದೆ. ಚಳಿ ಒಂದೇ ಅಲ್ಲ. ಮಂಟಪದೊಳಗೆ ಬೆಳಕು ಕಡಿಮೆ, ಹಾಗಾಗಿ ಇಡೀ ಹೊತ್ತು ಎಫ್ 4, ಅಂದರೆ ಈ ಲೆನ್ಸಿನಲ್ಲಿ ಬೆಳಕು ಬಿಡುವ ತೂತು, ಅಪರ್ಚರ್, ಪೂರ್ತಿ ತೆರೆದೇ ಇರುತ್ತದೆ. ಹೊರಗೆ ಬಂದ ತಕ್ಷಣ ಎಫ್ 8 ಇಡುತ್ತೇನೆ. ನನ್ನದು ಡಿಎಸ್‌ಎಲ್‌ಆರ್, ಒಳಗಿನ ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೋಡುವ ಕ್ಯಾಮೆರಾ. ನಾವು ಎಷ್ಟೇ ಎಫ್ ಇಟ್ಟಿರಲಿ, ನೋಡುವಾಗ ಅಪರ್ಚರ್‌ನ ಬ್ಲೇಡುಗಳು ಪೂರ್ತಿ ತೆರೆದಿರುತ್ತವೆ. ಬಟನ್ ಒತ್ತಿದ ಕ್ಷಣ ಮಾತ್ರ ಮುಚ್ಚಿಕೊಂಡು, ಫೋಟೋ ಆದಮೇಲೆ ಮತ್ತೆ ತೆರೆಯುತ್ತವೆ. ಎಫ್ 4ರಲ್ಲಿ ಅವು ಅಲುಗಾಡಬೇಕಾಗಿಯೇ ಇಲ್ಲ. ಅಲುಗಾಡದ ಭಾಗ ಕೆಟ್ಟಿದ್ದರೆ ಗೊತ್ತಾಗುವುದು ಹೇಗೆ?

ನೋಟ್‌ಬುಕ್ಕಿನಲ್ಲಿ ಚೌಕಗಳನ್ನು ಎಳೆದೆ. ಅಡ್ಡಕ್ಕೆ ಎಫ್ 4, 5.6, 8, 16. ಉದ್ದಕ್ಕೆ ಜೂಮ್ 24, 35, 50, 70, 105. ಒಂದೊಂದು ಚೌಕಕ್ಕೆ ಐದು ಫೋಟೋ, ಒಟ್ಟು ನೂರು. ಎರರ್ ಬಂದರೆ ಒಂದು ಗೀಟು. ಬೇಜಾರಿನ ಕೆಲಸ, ಮಧ್ಯೆ ಎರಡು ಸಲ ಕಾಫಿ ಆಯಿತು. ಆದರೆ ಮುಗಿಯುವಷ್ಟರಲ್ಲಿ ಪುಟ ತಾನೇ ಮಾತಾಡುತ್ತಿತ್ತು. ಎಫ್ 4ರ ಸಾಲಿನಲ್ಲಿ ಒಂದೂ ಗೀಟಿಲ್ಲ. 24ರಲ್ಲಿ ಎಫ್ 8ಕ್ಕೆ ಐದರಲ್ಲಿ ನಾಲ್ಕು, ಎಫ್ 16ಕ್ಕೆ ಐದಕ್ಕೆ ಐದು. 35ರಲ್ಲಿ ಅಲ್ಲೊಂದು ಇಲ್ಲೊಂದು. 50ರಿಂದ ಮೇಲೆ ಎಫ್ 16ರಲ್ಲೂ ಒಂದೂ ಇಲ್ಲ. ಹೊರಗೆ ಮಂಜು ಇಳಿದು ಎದುರಿನ ಸಿಲ್ವರ್ ಮರ ಕಾಣದ ಹಾಗೆ ಆಗಿತ್ತು, ಆದರೂ 105ರಲ್ಲಿ ಲೆನ್ಸ್ ಸುಮ್ನೆ ಕೆಲಸ ಮಾಡುತ್ತಿತ್ತು. ಥಂಡಿ ಹಿಡಿದ ಲೆನ್ಸ್ ಜೂಮ್ ನೋಡಿಕೊಂಡು ಸೀನುವುದಿಲ್ಲವಲ್ಲ.

ಕಣ್ಣಿಂದಲೂ ನೋಡೋಣ ಅಂತ ಎಫ್ 16 ಇಟ್ಟು, ಲೆನ್ಸನ್ನು ನನ್ನ ಮುಖಕ್ಕೆ ತಿರುಗಿಸಿ, ಫೋಟೋ ತೆಗೆಯದೆಯೇ ಬ್ಲೇಡುಗಳನ್ನು ಮುಚ್ಚಿಸುವ ಡೆಪ್ತ್ ಪ್ರಿವ್ಯೂ ಬಟನ್ ಒತ್ತಿದೆ. ಈ ಬಟನ್ ಲೆನ್ಸ್ ಕೂರುವ ಮೌಂಟಿನ ಪಕ್ಕದಲ್ಲೇ ಇರುತ್ತದೆ, ಎಷ್ಟೋ ಜನ ವರ್ಷಗಟ್ಟಲೆ ಮುಟ್ಟಿರುವುದಿಲ್ಲ. 105ರಲ್ಲಿ ಬ್ಲೇಡುಗಳು ಚಕ್ಕನೆ ಮುಚ್ಚಿ ಚಿಕ್ಕ ತೂತು ಕಂಡಿತು. 24ಕ್ಕೆ ತಿರುಗಿಸಿ ಒತ್ತಿದೆ. ಬ್ಲೇಡುಗಳು ಕದಲಲಿಲ್ಲ, ಎರರ್ ಬಂತು. ಬಾಳೆ ಕಡಿಯುವಾಗ ಆಗಿದ್ದು ನನ್ನ ಕಣ್ಣೆದುರೇ ಮತ್ತೊಮ್ಮೆ ಆಯಿತು.

ಈ ನಡುವೆ ಬೇರೆ ಪರೀಕ್ಷೆಗಳನ್ನೂ ಮುಗಿಸಿಬಿಟ್ಟೆ. ಯುವಿ ಫಿಲ್ಟರ್ ತೆಗೆದು ನೋಡಿದೆ, ಅಗ್ಗದ ಫಿಲ್ಟರ್ ಇದ್ದರೆ ಫೋಟೋ ಮಂಕಾಗಿ ಲೆನ್ಸಿಗೆ ಕೆಟ್ಟ ಹೆಸರು ಬರುವುದುಂಟು. ಪೇಪರಿನ ನಾಲ್ಕು ಮೂಲೆಯ ಅಕ್ಷರ ಹೋಲಿಸಿದೆ, ಒಂದು ಕಡೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿರಬಹುದು. ಸ್ಕ್ರೀನಿನಲ್ಲಿ ನೋಡುವ ಲೈವ್ ವ್ಯೂನಲ್ಲಿ ಫೋಕಸ್ ಸರಿ ಬಂದು, ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ತಪ್ಪಿದರೆ ಅದು ಬೇರೆ ಕಥೆ, ಅದನ್ನು ಎಷ್ಟೋ ಸಲ ಕ್ಯಾಮೆರಾದ ಮೆನುವಿನಲ್ಲೇ ಹೊಂದಿಸಬಹುದು. ನನ್ನದರಲ್ಲಿ ಎರಡೂ ಸರಿ ಇದ್ದವು.

ಬಿಚ್ಚುವ ಆಸೆ ಆಗಲಿಲ್ಲ ಅಂತಲ್ಲ. ಹಿಂದಿನ ಸ್ಕ್ರೂಗೆ ಮನೆಯ ಸ್ಕ್ರೂಡ್ರೈವರ್ ಇಟ್ಟೂ ನೋಡಿದೆ, ಜಾರಿತು. ಜಪಾನಿನ ಲೆನ್ಸುಗಳಲ್ಲಿ ಇರುವುದು ಜೆಐಎಸ್ ಅನ್ನುವ ಅಳತೆಯ ಸ್ಕ್ರೂ. ನೋಡಲಿಕ್ಕೆ ನಮ್ಮ ಸ್ಟಾರ್ ಸ್ಕ್ರೂ ಥರವೇ, ಆದರೆ ಮಾಮೂಲಿ ಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಆಮೇಲೆ ಯಾರ ಕೈಗೂ ಬರುವುದಿಲ್ಲ. ಅಲ್ಲಿಗೇ ಕೈ ಬಿಟ್ಟೆ.

ಎರಡನೇ ಸಲ ಕೊರಿಯರ್ ಮಾಡಲಿಲ್ಲ, ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋದೆ. ಅಲ್ಲಿ ಒಬ್ಬರು ಸಣ್ಣ ಅಂಗಡಿಯಲ್ಲಿ ಲೆನ್ಸ್ ರಿಪೇರಿ ಮಾಡುತ್ತಾರೆ. ತೇವದ ಮಾತು ಎತ್ತಲಿಲ್ಲ. ನೋಟ್‌ಬುಕ್ಕಿನ ಪುಟ ಕೊಟ್ಟೆ, ಎರಡು ಬಾಡಿಯಲ್ಲೂ ಹೀಗೇ ಆಗುತ್ತದೆ ಅಂದೆ, ಅವರ ಎದುರೇ 24ರಲ್ಲಿ ಬಟನ್ ಒತ್ತಿ ತೋರಿಸಿದೆ. ಅವರು ಪುಟವನ್ನು ಒಂದು ನಿಮಿಷ ನೋಡಿ, "ಅಪರ್ಚರ್‌ನ ಫ್ಲೆಕ್ಸ್ ಕೇಬಲ್ ಸರ್" ಅಂದರು. ಜೂಮ್ ಮಾಡಿದಾಗೆಲ್ಲ ಒಳಗಿನ ಆ ತೆಳು ಪಟ್ಟಿ ಮಡಚಿಕೊಳ್ಳುತ್ತದೆ, ವರ್ಷಗಳ ಮೇಲೆ ಮಡಿಕೆಯಲ್ಲೇ ಸೀಳುತ್ತದೆ. ಪಟ್ಟಿ ಒಂದು ಕಡೆಗೆ ಎಳೆದಾಗ ಸೀಳು ಬಿಟ್ಟುಕೊಳ್ಳುತ್ತದೆ, ಇನ್ನೊಂದು ಕಡೆ ಹೋದಾಗ ಮತ್ತೆ ಕೂಡಿಕೊಳ್ಳುತ್ತದೆ. ನನ್ನದು 24ರ ಕಡೆ ಬಿಟ್ಟುಕೊಳ್ಳುತ್ತಿತ್ತು. ಅಪರ್ಚರ್ ಭಾಗ ಪೂರ್ತಿ ಬದಲಿಸಬೇಕು ಅಂದರು, ರೇಟು ಅಲ್ಲೇ ಹೇಳಿದರು. ಈ ಸಲ ತಪಾಸಣೆ ಶುಲ್ಕ ಅಂತ ಏನೂ ಇರಲಿಲ್ಲ.

ಕಾಯುತ್ತಾ ಕೂತಾಗ ಅವರು ಸಣ್ಣ ಟಾರ್ಚ್ ಹಿಡಿದು, ಲೆನ್ಸನ್ನು ಹಿಂದಿನಿಂದ ಓರೆಯಾಗಿ ಬೆಳಗಿ, ಮುಂದಿನಿಂದ ನೋಡುವುದನ್ನು ತೋರಿಸಿಕೊಟ್ಟರು. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ನನ್ನ 24-105ರಲ್ಲಿ ನಾಲ್ಕು ಧೂಳಿನ ಕಣ ಬಿಟ್ಟರೆ ಏನೂ ಇರಲಿಲ್ಲ. ಧೂಳಿನಿಂದ ಫೋಟೋಗೆ ಏನೂ ಆಗುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ ಅಂದರು. ನಾಲ್ಕು ಮಳೆಗಾಲ ಜೀರೋ ಬಲ್ಬ್ ಉರಿಯುವ ಬೀರುವಿನಲ್ಲಿ ಇಟ್ಟಿದ್ದು ಸಾರ್ಥಕ ಆಯಿತು ಅಂದುಕೊಂಡೆ.

ರಾತ್ರಿ ಮನೆಗೆ ಬಂದು ಅದೇ ಟಾರ್ಚ್ ಪರೀಕ್ಷೆಯನ್ನು ಆ 50ರ ಲೆನ್ಸಿಗೂ ಮಾಡಿದೆ. ಎಂದೂ ಎರರ್ ಕೊಡದ, ಬಡಪಾಯಿ ಲೆನ್ಸ್ ಅದು. ಯಾವಾಗಲೂ ಚರ್ಮದ ಪೌಚಿನಲ್ಲೇ ಇರುತ್ತಿತ್ತು, ಬೀರುವಿನೊಳಗೆ ಜಾಗ ಇರಲಿಲ್ಲ. ಮುಂದಿನ ಗಾಜಿನ ಹಿಂದೆ, ಅಂಚಿನಿಂದ ಒಳಕ್ಕೆ, ಜೇಡರ ಬಲೆಯ ಎಳೆಗಳ ಹಾಗೆ ಬಿಳಿ ಬೂಷ್ಟು ಹರಡಿತ್ತು. ಅದನ್ನು ಈಗ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಬೇರೆಯೇ ಇಟ್ಟಿದ್ದೇನೆ. ಮುಂದಿನ ವಾರ 24-105 ತರಲಿಕ್ಕೆ ಮೈಸೂರಿಗೆ ಹೋಗುವಾಗ ಅದೂ ಬ್ಯಾಗಿನಲ್ಲಿರುತ್ತದೆ.