ನಾಯಿ ಬಾಲದ ಆಪರೇಷನ್: ಚರ್ಮ ಸಡಿಲ ಇರಬೇಕು

ಕೊಪ್ಪಳ ಜಿಲ್ಲೆಯಲ್ಲಿ ಪಶುವೈದ್ಯನಾಗಿರುವ ನನ್ನ ಹತ್ತಿರ ಬಾಲ ಜಜ್ಜಿಸಿಕೊಂಡ ನಾಯಿಗಳು ಜಾಸ್ತಿ ಬರುವುದು ಕುಷ್ಟಗಿ ಕಡೆಯ ಕುರಿಹಟ್ಟಿಗಳಿಂದ. ಟ್ರ್ಯಾಕ್ಟರ್ ಹಾಯ್ದಿರುತ್ತದೆ, ಇಲ್ಲಾ ಬೇರೆ ನಾಯಿ ಕಚ್ಚಿರುತ್ತದೆ. ಮುಧೋಳ ನಾಯಿಯ ಬಾಲವಂತೂ ಉದ್ದ, ತೆಳ್ಳಗೆ, ಕೂದಲೂ ಕಡಿಮೆ. ಗೋಡೆಗೆ ಬಡಿದು ತುದಿ ಒಡೆದರೆ ಬೇಗ ಮಾಯುವುದಿಲ್ಲ. ಇಂಥ ಬಾಲದ ಕೆಟ್ಟ ಭಾಗ ಕತ್ತರಿಸಿ ತೆಗೆಯುವುದೇ ಈ ಆಪರೇಷನ್.

ಗಾಯ ನೋಡುವ ಮೊದಲು ಗುದದ ಪಕ್ಕ ಚಿಮಟದಿಂದ ಮೆಲ್ಲಗೆ ಚಿವುಟಿ ನೋಡುತ್ತೇನೆ. ಗುದ ಬಿಗಿಯಾಗಬೇಕು. ಆಗದಿದ್ದರೆ ಬಾಲ ಎಳೆದ ಪೆಟ್ಟಿಗೆ ಬುಡದ ನರಗಳೂ ಕೆಟ್ಟಿರಬಹುದು, ಮೂತ್ರ ಕಟ್ಟಿರಬಹುದು. ಆಗ ಬಾಲ ಕತ್ತರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅಲ್ವಾ?

ಹುಳ ಬಿದ್ದಿದ್ದರೆ ಅವತ್ತೇ ಕೈ ಹಾಕುವುದಿಲ್ಲ. ಹುಳ ತೆಗೆದು, ಸೋಂಕು ಇಳಿಸಿ ಆಮೇಲೆ ಆಪರೇಷನ್. ಕೆಲವರು ತಾನಾಗಿ ಉದುರಲಿ ಅಂತ ಬಾಲಕ್ಕೆ ದಾರ ಬಿಗಿದು ತರುತ್ತಾರೆ. ದಯವಿಟ್ಟು ಬೇಡ. ಅದು ಕೊಳೆಯುತ್ತಾ ಮೇಲಕ್ಕೆ ಏರುತ್ತದೆ, ನಾಯಿ ನರಳುತ್ತದೆ.

ನಾಯಿಗೆ ಮತ್ತು ಬರುವ ಮದ್ದು ಕೊಟ್ಟ ಮೇಲೆ ಬಾಲವನ್ನು ಬೋರ್‌ವೆಲ್ ಹ್ಯಾಂಡಲ್‌ನಂತೆ ಮೇಲೆ ಕೆಳಗೆ ಆಡಿಸುತ್ತೇನೆ. ಬುಡದಲ್ಲಿ ಅಲುಗಾಡುವ ಸಂದು ಬೆರಳಿಗೆ ಸಿಗುತ್ತದೆ. ಅಲ್ಲಿ ಮರಗಟ್ಟಿಸುವ ಮದ್ದು ಲಿಗ್ನೊಕೇನ್ ಚುಚ್ಚಿದರೆ ಬಾಲ ಜೋತುಬೀಳುತ್ತದೆ. ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು, ಚರ್ಮವನ್ನು ಬೆನ್ನಿನ ಕಡೆ ಎಳೆದು ಹಿಡಿದು, ಬಿಡಿಸಬೇಕಾದ ಗೆಣ್ಣಿಗಿಂತ ತುಸು ತುದಿಯ ಕಡೆ ಕೊಯ್ಯುತ್ತೇನೆ. ಮೇಲೊಂದು, ಕೆಳಗೊಂದು ಚರ್ಮದ ಹಾಳೆ ಉಳಿಯಬೇಕು. ಮೂಳೆಯ ಅಡಿಯಲ್ಲಿ ಒಂದು ರಕ್ತನಾಳ, ಎಡಬಲದಲ್ಲಿ ಇನ್ನಷ್ಟು. ಎಲ್ಲಕ್ಕೂ ಗಂಟು ಹಾಕಿ, ಗೆಣ್ಣಿನ ಸಂದಿಯಲ್ಲೇ ಬ್ಲೇಡ್ ಆಡಿಸಿ ಬಿಡಿಸುತ್ತೇನೆ. ಮೂಳೆ ಕಡಿಯಲು ಹೋದರೆ ಚೂಪು ಚೂರು ಉಳಿಯುತ್ತದೆ. ಪಟ್ಟಿ ಸಡಿಲಿಸಿ, ರಕ್ತ ನಿಂತಿದೆಯಾ ನೋಡಿಯೇ ಹೊಲಿಗೆ.

'ಇನ್ನೊಂಚೂರು ಉಳಿಸ್ರಿ ಸರ್' ಅನ್ನುತ್ತಾರೆ ನಾಯಿ ಸಾಕಿದವರು. ಅವರ ಪ್ರೀತಿ ಅರ್ಥವಾಗುತ್ತದೆ. ಆದರೆ ಎರಡು ಹಾಳೆ ಎಳೆಯದೆ ಕೂಡಬೇಕು. ಬಿಗಿ ಅನ್ನಿಸಿದರೆ ನಾನು ಇನ್ನೊಂದು ಗೆಣ್ಣು ತೆಗೆಯುತ್ತೇನೆ. ಬಿಗಿದು ಹೊಲಿದ ಚರ್ಮ ಬಿರಿದು, ಮೂಳೆ ಹೊರಗೆ ಬಂದರೆ ಮತ್ತೆ ಆಪರೇಷನ್ನೇ.

ಆಮೇಲೆ ನೋವಿಗೆ ಮೆಲಾಕ್ಸಿಕ್ಯಾಮ್. ನೆಕ್ಕದಂತೆ ಕೊರಳಿಗೆ ಕೊಳವೆಪಟ್ಟಿ. ಅದು ಸಿಗದಿದ್ದರೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ ಆಗುತ್ತದೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಕುರಿ ಹಿಂದೆ ಬಿಡಬೇಡಿ ಅಂದರೆ ಹಟ್ಟಿಯಲ್ಲಿ ಅದು ನಡೆಯುವ ಮಾತಲ್ಲ. ಹಾಗಾಗಿ ಒಳಗಿನ ಕರಗುವ ಹೊಲಿಗೆಯನ್ನು ಹತ್ತಿರ ಹತ್ತಿರ ಹಾಕಿ ಕಳಿಸುತ್ತೇನೆ.